ಪರದೆಯ ಮೇಲಿನ ನಕ್ಷೆ ಯಾರದು? ವಿಶ್ವವಿದ್ಯಾಲಯ–ಉದ್ಯಮ ಸಹಯೋಗದ ಹಿನ್ನೆಲೆ

ಪರದೆಯ ಮೇಲೆ ಒಂದು ಸ್ತಂಭವನ್ನು ಒತ್ತಿದರೆ ಪಕ್ಕದ ಭೂಪಟ ತಾನಾಗಿ ಬಣ್ಣ ಬದಲಿಸುತ್ತದೆ. ವರ್ಷಗಳ ಪಟ್ಟಿಯನ್ನು ಎಳೆದರೆ ರೇಖೆ ಹಿಗ್ಗುತ್ತದೆ, ಕುಗ್ಗುತ್ತದೆ. ಬಳಸುವವರ ಕೈಗೆ ಸ್ಪಂದಿಸುವ ಈ ದತ್ತಾಂಶ ದೃಶ್ಯೀಕರಣ, ಅಂದರೆ ಅಂಕಿ-ಅಂಶಗಳನ್ನು ಚಿತ್ರವಾಗಿ ತೋರಿಸುವುದು, ಚುನಾವಣಾ ಫಲಿತಾಂಶದಿಂದ ಮಾರಾಟದ ವರದಿಯವರೆಗೆ ಈಗ ಮಾಮೂಲು. ಇದು ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲೋ ಕಂಪನಿಯಲ್ಲೋ ಎಂದು ಕೇಳಿದರೆ ಒಂದೇ ಮಾತಿನ ಉತ್ತರವಿಲ್ಲ. ಇವೆರಡೂ ಕೈಜೋಡಿಸುವಾಗ ಕೋಡ್ ಯಾರದು, ಪೇಟೆಂಟ್ ಯಾರದು, ಬಳಕೆಯ ದಾಖಲೆ ಯಾರ ಬಳಿ ಇರಬೇಕು ಎಂಬ ಪ್ರಶ್ನೆಗಳು ಇಷ್ಟು ಗೋಜಲಾಗಿರುವುದಕ್ಕೆ ಈ ಬೆರಕೆಯ ಹುಟ್ಟೇ ಕಾರಣ.

ಮೊದಲ ತಲೆಮಾರಿನಲ್ಲಿ ಗಡಿಯೇ ಇರಲಿಲ್ಲ. ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲೂ ದೂರವಾಣಿ ಕಂಪನಿಯೊಂದರ ಸಂಶೋಧನಾಲಯವಾದ ಬೆಲ್ ಲ್ಯಾಬ್ಸ್‌ನಲ್ಲೂ ಏಕಕಾಲಕ್ಕೆ ಕೆಲಸ ಮಾಡುತ್ತಿದ್ದವರು. 1970ರ ದಶಕದ ಆರಂಭದಲ್ಲಿ ಅವರೂ ಸಹೋದ್ಯೋಗಿಗಳೂ ಸ್ಟ್ಯಾನ್‌ಫರ್ಡ್‌ನ ಕಣವೇಗವರ್ಧಕ ಕೇಂದ್ರದಲ್ಲಿ ರೂಪಿಸಿದ ಪ್ರಿಮ್-9 ವ್ಯವಸ್ಥೆ, ಒಂಬತ್ತು ಆಯಾಮಗಳವರೆಗಿನ ದತ್ತಾಂಶವನ್ನು ಪರದೆಯ ಮೇಲೆ ತಿರುಗಿಸಿ ನೋಡಲು ಬಿಟ್ಟಿತು. 1987ರಲ್ಲಿ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಬೆಕರ್ ಮತ್ತು ವಿಲಿಯಂ ಕ್ಲೀವ್‌ಲ್ಯಾಂಡ್, ಒಂದು ಚುಕ್ಕಿ ನಕ್ಷೆಯಲ್ಲಿ ಕೆಲವು ಚುಕ್ಕಿಗಳ ಮೇಲೆ ಕುಂಚ ಆಡಿಸಿದರೆ ಉಳಿದ ನಕ್ಷೆಗಳಲ್ಲೂ ಅವೇ ಚುಕ್ಕಿಗಳು ಎದ್ದು ಕಾಣುವ ವಿಧಾನವನ್ನು ವಿವರಿಸಿದರು. ಹಲವು ನಕ್ಷೆಗಳನ್ನು ಒಂದೇ ಪರದೆಯಲ್ಲಿ ಜೋಡಿಸುವ ಇಂದಿನ ಡ್ಯಾಶ್‌ಬೋರ್ಡ್‌ಗಳ ಜೀವಾಳ ಅದೇ. ಈ ನಡುವೆ 1980ರಲ್ಲಿ ಅಮೆರಿಕದ ಬೇ–ಡೋಲ್ ಕಾಯ್ದೆ, ಸರ್ಕಾರಿ ಹಣದಿಂದ ನಡೆದ ಸಂಶೋಧನೆಯ ಪೇಟೆಂಟನ್ನು ವಿಶ್ವವಿದ್ಯಾಲಯಗಳೇ ಇಟ್ಟುಕೊಳ್ಳಲು ಅವಕಾಶ ಕೊಟ್ಟಿತ್ತು. ದೃಶ್ಯೀಕರಣಕ್ಕೆ ಅದರ ಬಿಸಿ ತಟ್ಟಲು ಎರಡು ದಶಕ ಹಿಡಿಯಿತು.

1990ರ ದಶಕದಲ್ಲಿ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಬೆನ್ ಶ್ನೈಡರ್‌ಮನ್ ಅವರ ಪ್ರಯೋಗಾಲಯ, ಪ್ರಶ್ನೆಯನ್ನು ಟೈಪ್ ಮಾಡುವ ಬದಲು ಗುಂಡಿ ಜಾರಿಸಿ ಕೇಳುವ ಪದ್ಧತಿಯನ್ನು ತಂದಿತು. ಅಲ್ಲಿ ಅವರೊಂದಿಗೆ ದುಡಿದ ಕ್ರಿಸ್ಟೋಫರ್ ಆಲ್ಬರ್ಗ್ ಸ್ವೀಡನ್‌ನಲ್ಲಿ ಕಟ್ಟಿದ ಕಂಪನಿ ಸ್ಪಾಟ್‌ಫೈರ್ ಆಯಿತು. 2007ರಲ್ಲಿ ಟಿಬ್ಕೊ ಎಂಬ ಸಾಫ್ಟ್‌ವೇರ್ ಕಂಪನಿ ಅದನ್ನು ಕೊಂಡುಕೊಂಡಿತು.

ಕಥೆ ನಿಜಕ್ಕೂ ಗಟ್ಟಿಯಾಗುವುದು ಸ್ಟ್ಯಾನ್‌ಫರ್ಡ್‌ನಲ್ಲಿ. 2000ದಲ್ಲಿ ಸಂಶೋಧನಾ ವಿದ್ಯಾರ್ಥಿ ಕ್ರಿಸ್ ಸ್ಟೋಲ್ಟ್, ಪ್ರಾಧ್ಯಾಪಕ ಪ್ಯಾಟ್ ಹ್ಯಾನ್ರಹಾನ್ ಮತ್ತು ಡಯೇನ್ ಟ್ಯಾಂಗ್ ಪೊಲಾರಿಸ್ ಎಂಬ ವ್ಯವಸ್ಥೆಯನ್ನು ಮಂಡಿಸಿದರು. ಪರದೆಯ ಅಂಚಿನಲ್ಲಿ ಕಪಾಟಿನ ಹಲಗೆಗಳಂತೆ ಖಾಲಿ ಪಟ್ಟಿಗಳು. ‘ಮಾರಾಟ’ ಎಂಬ ಕಾಲಮ್ಮಿನ ಹೆಸರನ್ನು ಸಾಲಿನ ಪಟ್ಟಿಗೂ ‘ತಿಂಗಳು’ ಎಂಬುದನ್ನು ಕಂಬದ ಪಟ್ಟಿಗೂ ಎಳೆದು ಬಿಟ್ಟರೆ, ಆ ಹೆಸರುಗಳನ್ನು ಸೂತ್ರದಂತೆ ಓದುವ ಒಂದು ಬೀಜಗಣಿತ ಹಿಂದೆ ಕೆಲಸ ಮಾಡಿ ಡೇಟಾಬೇಸಿಗೆ ಬೇಕಾದ ಪ್ರಶ್ನೆಯನ್ನೂ ಪರದೆಗೆ ಬೇಕಾದ ಚಿತ್ರವನ್ನೂ ಒಟ್ಟಿಗೇ ಸಿದ್ಧಪಡಿಸುತ್ತಿತ್ತು. ‘ಪ್ರದೇಶ’ವನ್ನೂ ಸೇರಿಸಿದರೆ ಒಂದು ನಕ್ಷೆ ಸಾಲು ಸಾಲು ಕಿರುನಕ್ಷೆಗಳಾಗಿ ಒಡೆಯುತ್ತಿತ್ತು. ಕೋಡ್ ಬರೆಯಲಾರದವರಿಗೂ ದತ್ತಾಂಶದೊಡನೆ ಮಾತುಕತೆ ಸಾಧ್ಯವಾಯಿತು. 2003ರಲ್ಲಿ ಇದೇ ಟ್ಯಾಬ್ಲೋ ಕಂಪನಿಯಾಯಿತು. ಸ್ಟ್ಯಾನ್‌ಫರ್ಡ್ ಪೇಟೆಂಟ್‌ಗಳಿಗೆ ಪರವಾನಗಿ ಕೊಟ್ಟಿತು. 2019ರಲ್ಲಿ ಸಾಫ್ಟ್‌ವೇರ್ ಕಂಪನಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 1,570 ಕೋಟಿ ಡಾಲರ್ ಮೌಲ್ಯಕ್ಕೆ ಖರೀದಿಸಿತು. ವಿದ್ಯಾರ್ಥಿಯೊಬ್ಬರ ಪ್ರಬಂಧ ಇಷ್ಟು ದೂರ ನಡೆದದ್ದು ಸಣ್ಣ ಸಂಗತಿಯಲ್ಲ. ಆದರೆ ಆ ಬೀಜಗಣಿತದ ಮುಂದಿನ ಬೆಳವಣಿಗೆ ಬಹುಮಟ್ಟಿಗೆ ಉತ್ಪನ್ನದ ಒಳಗೇ ನಡೆಯಿತು. ಹೊರಗಿನ ಸಂಶೋಧಕರು ಅದನ್ನು ಬಿಚ್ಚಿ ನೋಡುವಂತಿರಲಿಲ್ಲ.

ಅದೇ ವಿಶ್ವವಿದ್ಯಾಲಯದಿಂದ ಇನ್ನೊಂದು ದಾರಿಯೂ ಹೊರಟಿತು. ಪ್ರಾಧ್ಯಾಪಕ ಜೆಫ್ರಿ ಹೀರ್ ಅವರ ಗುಂಪಿನಲ್ಲಿ ಮೈಕ್ ಬೋಸ್ಟಾಕ್ 2009ರಲ್ಲಿ ಪ್ರೋಟೊವಿಸ್, 2011ರಲ್ಲಿ ಡಿ3 ಎಂಬ ಕೋಡ್ ಸಂಗ್ರಹಗಳನ್ನು ಹೊರತಂದರು. ಪ್ರತಿ ದತ್ತಾಂಶಕ್ಕೂ ಪುಟದ ಮೇಲಿನ ಒಂದು ಆಕಾರವನ್ನು ಗಂಟುಹಾಕುವುದು, ದತ್ತಾಂಶ ಬದಲಾದಾಗ ಹೊಸತಾಗಿ ಬಂದವು, ಉಳಿದವು, ಹೋದವು ಎಂದು ವಿಂಗಡಿಸಿ ಆಕಾರಗಳನ್ನು ಚಲಿಸುವಂತೆ ಮಾಡುವುದು ಡಿ3ಯ ತಿರುಳು. ಮುಕ್ತ ಪರವಾನಗಿಯಲ್ಲಿದ್ದುದರಿಂದ ಪತ್ರಿಕಾಲಯಗಳೂ ಕಂಪನಿಗಳೂ ಯಾರನ್ನೂ ಕೇಳದೆ ಅದನ್ನು ಬಳಸಿದವು, ತಿದ್ದಿದವು, ದೋಷಗಳನ್ನು ವರದಿ ಮಾಡಿದವು. ಒಪ್ಪಂದವೇ ಇಲ್ಲದ ಈ ಸಹಯೋಗ, ಸಹಿ ಹಾಕಿದ ಎಷ್ಟೋ ಸಹಯೋಗಗಳಿಗಿಂತ ಹೆಚ್ಚು ಫಲ ಕೊಟ್ಟಿತು.

ಹಾಗೆಂದು ಉದ್ಯಮದ ಬಾಗಿಲು ತಟ್ಟದೆ ಕೆಲಸ ನಡೆಯುವುದಿಲ್ಲ. 2012ರಲ್ಲಿ ಶಾನ್ ಕ್ಯಾಂಡಲ್ ಮತ್ತು ಸಂಗಡಿಗರು 25 ಸಂಸ್ಥೆಗಳ 35 ವಿಶ್ಲೇಷಕರನ್ನು ಮಾತನಾಡಿಸಿದಾಗ, ನಕ್ಷೆ ಬಿಡಿಸುವುದಕ್ಕಿಂತ ಮುಂಚಿನ ಹಂತಗಳಲ್ಲೇ ಅವರು ಹೆಣಗುತ್ತಿರುವುದು ಎದ್ದು ಕಂಡಿತು: ಬೇಕಾದ ದತ್ತಾಂಶವನ್ನು ಹುಡುಕುವುದು, ತೊಳೆದು ಸರಿಪಡಿಸುವುದು, ಒಂದಕ್ಕೊಂದು ಜೋಡಿಸುವುದು. ಪ್ರಯೋಗಾಲಯದಲ್ಲಿ ಕುಳಿತವರಿಗೆ ಇದು ಗೋಚರಿಸುವ ವಿಷಯವಲ್ಲ. ಅದೇ ವರ್ಷ ಮೈಕೆಲ್ ಸೆಡ್ಲ್‌ಮೇರ್, ಮಿರಿಯಾ ಮೇಯರ್ ಮತ್ತು ತಮಾರಾ ಮನ್ಸ್‌ನರ್ ಇಂಥ ಜಂಟಿ ಕೆಲಸದಲ್ಲಿ ಎಡವಬಹುದಾದ 32 ಕಡೆಗಳನ್ನು ಗುರುತಿಸಿದರು. ನಿಜವಾದ ದತ್ತಾಂಶ ಕೈಗೆ ಬರುವ ಮುನ್ನವೇ ಕೆಲಸ ಶುರುಮಾಡುವುದು ಅವುಗಳಲ್ಲೊಂದು. ಜೊತೆಗಾರರಿಗೆ ಸಮಯವೇ ಇಲ್ಲದಿರುವುದು ಇನ್ನೊಂದು.

ತೊಡಕು ಇರುವುದೇ ಇಲ್ಲಿ. ಹಣದ ಮಾತು ಹೇಗೋ ಬಗೆಹರಿಯುತ್ತದೆ. ದತ್ತಾಂಶದ ಮಾತು ಬಗೆಹರಿಯುವುದಿಲ್ಲ. ಕಂಪನಿಗೆ ಗ್ರಾಹಕರ ಗೋಪ್ಯತೆಯ ಹೊಣೆಯಿದೆ, ಪೈಪೋಟಿಯ ಭಯವೂ ಇದೆ. ವಿದ್ಯಾರ್ಥಿಗೆ ಪ್ರಬಂಧ ಪ್ರಕಟವಾಗಬೇಕು, ಬೇರೆಯವರು ಅದನ್ನು ಮತ್ತೆ ಮಾಡಿ ಪರೀಕ್ಷಿಸುವಂತಿರಬೇಕು. ಇಬ್ಬರದೂ ನ್ಯಾಯವೇ. ಪರಿಣಾಮವಾಗಿ, 1983ರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರ ಸಂಘದ ಪ್ರದರ್ಶನಕ್ಕೆಂದು ಜೋಡಿಸಿದ 406 ಕಾರುಗಳ ಪಟ್ಟಿ ಇಂದಿಗೂ ಹೊಸ ಉಪಕರಣಗಳ ಪ್ರಾತ್ಯಕ್ಷಿಕೆಗಳಲ್ಲಿ ಮುಖ ತೋರಿಸುತ್ತದೆ. 1970ರಿಂದ 1982ರವರೆಗಿನ ಆ ಕಾರುಗಳ ಇಂಧನ ಕ್ಷಮತೆಯನ್ನು ಎಷ್ಟು ಚೆಲುವಾಗಿ ತೋರಿಸಿದರೂ, ಕೋಟಿಗಟ್ಟಲೆ ಸಾಲುಗಳಿರುವ ಗೋಜಲು ದತ್ತಾಂಶದ ಎದುರು ಆ ಉಪಕರಣ ಹೇಗೆ ನಿಲ್ಲುತ್ತದೆಂದು ತಿಳಿಯುವುದಿಲ್ಲ.

ದತ್ತಾಂಶ ತೆರೆದಿದ್ದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆಯಿದೆ. 2014ರಲ್ಲಿ ಝಿಚೆಂಗ್ ಲಿಯು ಮತ್ತು ಹೀರ್, ಸಾರ್ವಜನಿಕವಾಗಿ ಲಭ್ಯವಿದ್ದ ವಿಮಾನ ವಿಳಂಬದ ಮತ್ತು ಮೊಬೈಲ್ ಬಳಕೆದಾರರ ಸ್ಥಳದಾಖಲೆಯ ದತ್ತಾಂಶವನ್ನು ಜನರ ಕೈಗೆ ಕೊಟ್ಟು, ನಕ್ಷೆಯ ಪ್ರತಿಕ್ರಿಯೆಯನ್ನು ಬೇಕೆಂದೇ ಅರ್ಧ ಸೆಕೆಂಡ್ ನಿಧಾನಿಸಿದರು. ಅಷ್ಟಕ್ಕೇ ಜನ ಕಡಿಮೆ ಅನ್ವೇಷಿಸಿದರು, ಕಡಿಮೆ ಸಂಗತಿಗಳನ್ನು ಗಮನಿಸಿದರು. ವೇಗ ಬರೀ ಅನುಕೂಲವಲ್ಲ, ಅದು ಯೋಚನೆಯ ಹರವನ್ನೇ ಬದಲಿಸುತ್ತದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಹೀರ್ ಮತ್ತು ಡೊಮಿನಿಕ್ ಮೊರಿಟ್ಜ್ ನಂತರ ರೂಪಿಸಿದ ಮೊಸಾಯಿಕ್ ಎಂಬ ದೃಶ್ಯೀಕರಣ ವ್ಯವಸ್ಥೆ, ಭಾರೀ ದತ್ತಾಂಶದ ಮೇಲೂ ಕುಂಚ ತಡವರಿಸದಂತೆ ನೋಡಿಕೊಳ್ಳಲು ಡಕ್‌ಡಿಬಿ ಎಂಬ ಡೇಟಾಬೇಸನ್ನು ನೆಚ್ಚಿದೆ. ಡಕ್‌ಡಿಬಿ ಹುಟ್ಟಿದ್ದು ಆಮ್‌ಸ್ಟರ್‌ಡ್ಯಾಮ್‌ನ ಸಾರ್ವಜನಿಕ ಸಂಶೋಧನಾ ಕೇಂದ್ರದಲ್ಲಿ. ಎರಡೂ ಮುಕ್ತ ಕೋಡ್.

ಈಗ ಉಳಿದಿರುವ ದೊಡ್ಡ ಪ್ರಶ್ನೆ ಬಳಕೆಯ ದಾಖಲೆಗಳದು. ಜನ ಯಾವ ನಕ್ಷೆಯನ್ನು ಅರ್ಧಕ್ಕೆ ಬಿಟ್ಟರು, ಯಾವ ಸೋಸುಗುಂಡಿಯನ್ನು ಮುಟ್ಟಲೇ ಇಲ್ಲ ಎಂಬ ಮಾಹಿತಿ ಉತ್ಪನ್ನ ನಡೆಸುವವರ ಬಳಿ ರಾಶಿ ಬಿದ್ದಿರುತ್ತದೆ. ಹೆಸರು, ಗುರುತು ತೆಗೆದ ಮೇಲೆ ಅದರ ಒಂದು ಭಾಗವಾದರೂ ಸಂಶೋಧಕರಿಗೆ ಸಿಗಬೇಕು, ಮತ್ತು ಆ ಷರತ್ತು ಒಪ್ಪಂದದ ಮೊದಲ ಕರಡಿನಲ್ಲೇ ಇರಬೇಕು. ಕೊನೆಯ ತಿಂಗಳಲ್ಲಿ ಕೇಳಿದರೆ, ವಕೀಲರ ಉತ್ತರ ಬರುವಷ್ಟರಲ್ಲಿ ವಿದ್ಯಾರ್ಥಿಯ ಪ್ರಬಂಧದ ಗಡುವು ಮುಗಿದಿರುತ್ತದೆ.