ಎಷ್ಟು ರಾತ್ರಿ ನೋಡಿದಿರಿ?

ಹೊಸ ರಸ್ತೆಯೋ ಬಡಾವಣೆಯೋ ಬರುತ್ತದೆ ಅಂದರೆ ಅದರ ಹಿಂದೆ ಒಂದು ದಪ್ಪ ವರದಿಯೂ ಬರುತ್ತದೆ. ಆ ಜಾಗದಲ್ಲಿ ಯಾವ ಯಾವ ಜೀವಿಗಳಿಗೆ ನೆಲೆ ಇದೆ ಅಂತ ಹೇಳುವ ವರದಿ. ಅದರ ಕೊನೆಯಲ್ಲಿ, ನಕ್ಷೆಗಳೆಲ್ಲ ಮುಗಿದ ಮೇಲೆ, ಒಂದು ಪಟ್ಟಿ ಇರುತ್ತದೆ. ‘ಬಾವಲಿ: ಕಂಡುಬಂದಿಲ್ಲ.’ ಅಕ್ಕಪಕ್ಕದವರಿಗೆ ರೇಗಿಹೋಗುತ್ತದೆ. ದಿನಾ ಸಂಜೆ ತಲೆ ಮೇಲೇ ಹಾರಾಡುತ್ತವಲ್ಲ, ಇಲ್ಲ ಅಂತ ಹೇಗೆ ಬರೆದರು? ಆಕ್ಷೇಪಣೆ ಪತ್ರ ಹೋಗುತ್ತದೆ: ವರದಿ ಸುಳ್ಳು, ಬರೆದವರು ದುಡ್ಡು ತಿಂದಿದ್ದಾರೆ.

ಸಮೀಕ್ಷೆಗೆ ಹಣ ಕೊಡುವವರು ಎಷ್ಟೋ ಕಡೆ ಕಟ್ಟುವವರೇ. ಹಾಗಾಗಿ ಅನುಮಾನ ಬರುವುದು ಸಹಜ. ಆದರೆ ಯಾರೂ ಸುಳ್ಳು ಹೇಳದೆಯೂ ವರದಿ ತಪ್ಪಾಗಬಹುದು. ನನಗೆ ಇದೇ ಜಾಸ್ತಿ ಮುಖ್ಯ ಅನಿಸುತ್ತದೆ, ಯಾಕೆಂದರೆ ಇದನ್ನು ಲೆಕ್ಕ ಹಾಕಿ ತೋರಿಸಬಹುದು.

ಒಂದು ಹೊಂಡದಲ್ಲಿ ಕಪ್ಪೆ ಇದೆ ಅಂತಿಟ್ಟುಕೊಳ್ಳಿ. ಒಂದು ರಾತ್ರಿ ಟಾರ್ಚ್ ಹಿಡಿದು ಹೋದರೆ ಅದು ಸಿಗುವ ಸಾಧ್ಯತೆ ನೂರಕ್ಕೆ 30. ಅಂದರೆ ಒಂದೇ ರಾತ್ರಿ ನೋಡಿ ಬಂದರೆ, ಇದ್ದ ಕಪ್ಪೆಯನ್ನು ‘ಇಲ್ಲ’ ಅಂತ ಬರೆಯುವ ಸಾಧ್ಯತೆ 70. ಮೂರು ರಾತ್ರಿ ಹೋದರೂ 34. ಐದು ರಾತ್ರಿಗೆ 17. ಎಂಟು ರಾತ್ರಿ ಹೋದ ಮೇಲೆ ಅದು 6ಕ್ಕೆ ಇಳಿಯುತ್ತದೆ. 2002ರಲ್ಲಿ ಡ್ಯಾರಿಲ್ ಮೆಕೆಂಝಿ ಅನ್ನುವ ಸಂಖ್ಯಾಶಾಸ್ತ್ರಜ್ಞ ಮತ್ತು ಜೊತೆಗಾರರು ಈ ಲೆಕ್ಕಕ್ಕೆ ಒಂದು ಗಟ್ಟಿ ವಿಧಾನ ಕೊಟ್ಟರು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ, ಯಾವ ದಿನ ಕಂಡಿತು, ಯಾವ ದಿನ ಕಾಣಲಿಲ್ಲ ಅಂತ ಬರೆದಿಟ್ಟರೆ, ಎಷ್ಟು ಸಲ ಕಣ್ತಪ್ಪಿರಬಹುದು ಅನ್ನುವುದನ್ನೂ ಅಂದಾಜು ಮಾಡಬಹುದು. ಒಂದೇ ಸಲ ಹೋಗಿ ಬಂದವರ ಹತ್ತಿರ ಈ ಅಂದಾಜಿಗೆ ಬೇಕಾದ ಮಾಹಿತಿಯೇ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ ಕಟ್ಟಡ ಕಟ್ಟುವವರಿಗೆ ತಲೆನೋವಾಗಿರುವ ಒಂದು ಜೀವಿ ಇದೆ: ಗ್ರೇಟ್ ಕ್ರೆಸ್ಟೆಡ್ ನ್ಯೂಟ್. ಕಪ್ಪೆಯ ಸಂಬಂಧಿ, ನೋಡಲು ಹಲ್ಲಿಯ ಹಾಗೆ. ಕಾನೂನಿನ ರಕ್ಷಣೆ ಇದೆ. ವಸಂತದಲ್ಲಿ ಮೊಟ್ಟೆ ಇಡಲು ಹೊಂಡಕ್ಕೆ ಬರುತ್ತದೆ. ವರ್ಷದ ಬಹುಪಾಲು ನೆಲದ ಮೇಲೆ, ಮರದ ದಿಮ್ಮಿಯ ಕೆಳಗೋ ಬಿಲದಲ್ಲೋ ಅಡಗಿರುತ್ತದೆ. ಚಳಿಗಾಲದಲ್ಲಿ ಹೊಂಡಕ್ಕೆ ಬಲೆ ಬೀಸಿ ‘ಇಲ್ಲ’ ಅಂದರೆ ಏನು ಬಂತು? 2014ರಿಂದ ಅಲ್ಲಿ ನೀರಿನಲ್ಲೇ ಅದರ ಡಿಎನ್‌ಎ ಹುಡುಕುವ ವಿಧಾನಕ್ಕೂ ಒಪ್ಪಿಗೆ ಇದೆ. ಹೊಂಡದ ಸುತ್ತ 20 ಕಡೆ ಸ್ವಲ್ಪ ಸ್ವಲ್ಪ ನೀರು ತೆಗೆದು ಬೆರೆಸುತ್ತಾರೆ. ಪ್ರಯೋಗಾಲಯದಲ್ಲಿ 12 ಸಲ ಪರೀಕ್ಷೆ. ಒಂದರಲ್ಲಿ ಸಿಕ್ಕರೂ ‘ಇದೆ’ ಅಂತಲೇ. ಆದರೆ ನೀರು ತೆಗೆಯಬೇಕಾದದ್ದು ಏಪ್ರಿಲ್ 15ರಿಂದ ಜೂನ್ 30ರ ಒಳಗೆ. ಎಷ್ಟು ನ್ಯೂಟ್ ಇವೆ ಅನ್ನುವುದು ಇದರಿಂದ ಗೊತ್ತಾಗುವುದಿಲ್ಲ.

ಬಾವಲಿಗಳ ಕಥೆ ಇನ್ನೊಂದು. ಅವುಗಳ ಕೂಗು ನಮ್ಮ ಕಿವಿಗೆ ಕೇಳದು, ಯಂತ್ರ ಕೇಳಿಸಿಕೊಳ್ಳುತ್ತದೆ. ಕೆಲವು ಜಾತಿಯ ಕೂಗು ಹತ್ತಾರು ಮೀಟರ್ ದೂರದಿಂದಲೇ ಸಿಗುತ್ತದೆ. ಉದ್ದ ಕಿವಿಯ ಬಾವಲಿ ಪಿಸುಗುಟ್ಟುತ್ತದೆ. ಕೆಲವೇ ಮೀಟರ್ ಹತ್ತಿರ ಬಂದರೆ ಮಾತ್ರ ಯಂತ್ರಕ್ಕೆ ಸಿಕ್ಕೀತು. ಇನ್ನು ನೆಲದಲ್ಲಿ ಬೆಳೆಯುವ ಕೆಲವು ಆರ್ಕಿಡ್‌ಗಳು ಕೆಲವೊಮ್ಮೆ ಇಡೀ ವರ್ಷ ಮಣ್ಣಿನಿಂದ ತಲೆಯನ್ನೇ ಎತ್ತುವುದಿಲ್ಲ.

ತಮಾಷೆ ಅಂದರೆ, ಆಕ್ಷೇಪಣೆ ಎರಡೂ ಕಡೆಯಿಂದ ಬರುತ್ತದೆ. ‘ನನ್ನ ಜಮೀನಲ್ಲಿ ಅಂಥ ಪ್ರಾಣಿ ಒಂದೂ ಇಲ್ಲ, ನಕ್ಷೆಯಲ್ಲಿ ಯಾಕೆ ಬಣ್ಣ ಬಳಿದಿದ್ದೀರಿ?’ ಅಂತ ಕೇಳುವವರೂ ಇದ್ದಾರೆ. ಅವರ ಪ್ರಶ್ನೆಯನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅಂಥ ಎಷ್ಟೋ ನಕ್ಷೆಗಳು ಕಂಪ್ಯೂಟರ್ ಮಾಡಿದ ಊಹೆ: ಇಂಥ ಮಳೆ, ಇಂಥ ಇಳಿಜಾರು, ಇಂಥ ಗಿಡ ಇರುವ ಕಡೆ ಈ ಪ್ರಾಣಿ ಇರಬಹುದು ಅಂತ. ಅದಕ್ಕೆ ಆಧಾರವಾದ ದಾಖಲೆಗಳು ಹೆಚ್ಚಾಗಿ ರಸ್ತೆಯ ಹತ್ತಿರದವು, ಜನ ಓಡಾಡುವುದು ಅಲ್ಲೇ ತಾನೇ. ಆದರೆ ಈ ವರ್ಷ ಖಾಲಿ ಇರುವ ಹೊಂಡವೂ ನೆಲೆಯಾಗಿರಬಹುದು. ಪಕ್ಕದ ಹೊಂಡ ಒಣಗಿದ ವರ್ಷ ಅದಕ್ಕೇ ಬರುತ್ತವೆ.

ಅಮೆರಿಕದ ಟೆನೆಸಿಯಲ್ಲಿ ಟೆಲಿಕೊ ಅಣೆಕಟ್ಟೆಯ ಕೆಲಸ ನಡೆಯುತ್ತಿದ್ದಾಗ, 1973ರಲ್ಲಿ ಡೇವಿಡ್ ಎಟ್ನಿಯರ್ ಅನ್ನುವ ಜೀವವಿಜ್ಞಾನಿಗೆ ಆ ನದಿಯಲ್ಲಿ ಬೆರಳುದ್ದದ ಒಂದು ಮೀನು ಸಿಕ್ಕಿತು, ಸ್ನೇಲ್ ಡಾರ್ಟರ್. ಈ ಮೀನು ಬೇರೆಲ್ಲೂ ಇಲ್ಲ, ಅಣೆಕಟ್ಟೆ ಬಂದರೆ ಅಳಿದೇ ಹೋಗುತ್ತದೆ ಅನ್ನುವುದೇ ವಿರೋಧಿಸುತ್ತಿದ್ದವರಿಗೆ ಆಧಾರವಾಯಿತು. 1978ರಲ್ಲಿ ಸುಪ್ರೀಂ ಕೋರ್ಟ್ ಮೀನಿನ ಪರ ನಿಂತಿತು. ಮರುವರ್ಷ ಸಂಸತ್ತು ಅಣೆಕಟ್ಟೆಗೆ ವಿನಾಯಿತಿ ಕೊಟ್ಟು, ನೀರು ನಿಲ್ಲಿಸಿಯೇ ಬಿಟ್ಟರು. 1980ರಲ್ಲಿ ಅದೇ ಮೀನು ಬೇರೆ ತೊರೆಯಲ್ಲೂ ಸಿಕ್ಕಿತು! ಮೊದಲು ಸಿಗದಿದ್ದಕ್ಕೆ ಅಲ್ಲಿ ಇರಲಿಲ್ಲ ಅಂತ ಅರ್ಥವಲ್ಲ ಅನ್ನುವ ಮಾತು ಈ ಸಲ ವಿರೋಧಿಸಿದವರಿಗೇ ತಿರುಗಿ ಬಡಿಯಿತು.

ಹಾಗಾಗಿ ಆಕ್ಷೇಪಣೆ ಬರೆಯುವ ಮೊದಲು ವರದಿಯ ಹಿಂದಿನ ಪುಟಗಳನ್ನು ತಿರುವಬೇಕು. ಹೋದ ದಿನ, ಹೊತ್ತು, ಹವಾಮಾನ, ಎಷ್ಟು ಜನ, ಎಷ್ಟು ಸಲ. ‘ನಮ್ಮಲ್ಲಿ ಕಪ್ಪೆ ತುಂಬಾ ಇವೆ’ ಅನ್ನುವುದಕ್ಕಿಂತ ಈ ಒಂದು ಸಾಲು ವಾಸಿ: ‘ನೀವು ಬಂದದ್ದು ಒಣ ಹವೆಯ ಎರಡು ಮಧ್ಯಾಹ್ನ, ಈ ಕಪ್ಪೆ ಕೂಗುವುದು ಮಳೆ ಬಿದ್ದ ರಾತ್ರಿ, ತಾರೀಖು ಇರುವ ಧ್ವನಿಮುದ್ರಣ ಇದರ ಜೊತೆಗಿದೆ.’ ಅದಕ್ಕೆ ಉತ್ತರ ಕೊಡಬೇಕಾದರೆ ಅವರು ಮಳೆ ಬಿದ್ದ ಮೇಲೆ ಟಾರ್ಚ್ ಹಿಡಿದು ಇನ್ನೊಂದು ಸಲ ಬರಲೇಬೇಕಾಗುತ್ತದೆ.