ಬಂಧನದ ವೇಳೆ ಪೊಲೀಸ್ ಬಲಪ್ರಯೋಗ: ದೂರು ಬಂದ್ರೆ ತನಿಖೆ ಹೇಗೆ?

ಈ ಟಾಪಿಕ್ ಓದುವಾಗ "ಹೊಡೆದ್ರಾ ಇಲ್ವಾ" ಅನ್ನೋದ್ರಲ್ಲೇ ನಿಂತ್ಬಿಡ್ಬೇಡಿ, ಎಷ್ಟೋ ಕೇಸಲ್ಲಿ ಹೊಡೆದಿದ್ದನ್ನ ಪೊಲೀಸರೇ ಒಪ್ಕೊಂಡಿರ್ತಾರೆ. ಪ್ರಶ್ನೆ ಇರೋದು ಆ ಏಟು ಬಿದ್ದ ಕ್ಷಣದಲ್ಲಿ ಅದು ಬೇಕಿತ್ತಾ ಅಂತ. ಹಿಡಿದಿದ್ದು, ನೆಲಕ್ಕೆ ಕೆಡವಿದ್ದು, ಲಾಠಿ ಬೀಸಿದ್ದು, ಕೈಕೋಳ ಹಾಕಿದ್ದು, ಆಮೇಲೆ ಬೆನ್ನ ಮೇಲೆ ಮೊಣಕಾಲು ಊರಿದ್ದು, ಇವೆಲ್ಲಾ ಬೇರೆ ಬೇರೆ, ಒಂದೊಂದಕ್ಕೂ ಕಾರಣ ಕೇಳ್ಬೇಕು. ಮೊದಲ ಏಟು ಸರಿಯಿದ್ದು, ಕೋಳ ಬಿದ್ದ ಮೇಲಿನ ಏಟು ತಪ್ಪಾಗಿರಬಹುದು.

ಅಳತೆಗೋಲು ಏನು ಅಂದ್ರೆ, ಪೊಲೀಸರಂಥ ಕಾನೂನು ಜಾರಿ ಅಧಿಕಾರಿಗಳಿಗೆ ಅಂತ ವಿಶ್ವಸಂಸ್ಥೆ 1979ರಲ್ಲಿ ಮಾಡಿದ ನೀತಿ ಸಂಹಿತೆಯ 3ನೇ ವಿಧಿ: ತೀರಾ ಅಗತ್ಯ ಇದ್ದಾಗ ಮಾತ್ರ, ಕರ್ತವ್ಯಕ್ಕೆ ಬೇಕಾದಷ್ಟೇ ಬಲ. ಅಮೆರಿಕದ ಸುಪ್ರೀಂ ಕೋರ್ಟ್ 1989ರಲ್ಲಿ ಗ್ರಹಾಂ ವರ್ಸಸ್ ಕಾನರ್ ಕೇಸಲ್ಲಿ ಹೇಳಿದ್ದು, ಸ್ಥಳದಲ್ಲಿದ್ದ ವಿವೇಕಿ ಅಧಿಕಾರಿಗೆ ಆಗ ಏನು ಕಾಣಿಸ್ತಿತ್ತೋ ಅದನ್ನಿಟ್ಟು ಅಳೀರಿ ಅಂತ. ಅಪರಾಧ ಎಷ್ಟು ಗಂಭೀರ, ತಕ್ಷಣದ ಅಪಾಯ ಇತ್ತಾ, ಆತ ಎದುರಿಸ್ತಿದ್ನಾ ಅಥವಾ ಓಡ್ತಿದ್ನಾ ಅಂತ ನೋಡ್ಬೇಕು. ಹಾಗಂದ್ಮೇಲೆ ಆಮೇಲೆ ಜೇಬಲ್ಲಿ ಚಾಕು ಸಿಕ್ತು ಅಂತ ಮೊದಲಿನ ಏಟನ್ನ ಸಮರ್ಥಿಸೋಕೂ ಆಗಲ್ಲ, ಇದನ್ನ ಗಟ್ಟಿಯಾಗಿ ನೆನಪಿಟ್ಕೊಳ್ಳಿ.

ಈಗ ಸಾಕ್ಷ್ಯ. ಮೊದಲ ಕೆಲಸ ಸಿಸಿಟಿವಿ ಫುಟೇಜ್ ತೆಗೆದಿಡೋದು, ಯಾಕಂದ್ರೆ ಹಳೇದ್ರ ಮೇಲೆ ಹೊಸದು ರೆಕಾರ್ಡ್ ಆಗಿ ಅಳಿಸಿಹೋಗುತ್ತೆ. ಬಾಡಿ ಕ್ಯಾಮೆರಾ, ವೈರ್‌ಲೆಸ್ ಸಂಭಾಷಣೆ, ಟೇಸರ್ (ಕರೆಂಟ್ ಶಾಕ್ ಕೊಡೋ ಗನ್) ಇದ್ರೆ ಅದರ ಒಳಗಿನ ಲಾಗ್ (ಟ್ರಿಗರ್ ಯಾವಾಗ, ಎಷ್ಟು ಸೆಕೆಂಡ್ ಒತ್ತಿದ್ರು ಅಂತ ಅದರಲ್ಲೇ ಇರುತ್ತೆ), ಎಲ್ಲದರ ಗಡಿಯಾರ ಒಂದಕ್ಕೊಂದು ಹೊಂದುತ್ತಾ ಅಂತ ನೋಡಿ ಒಂದೇ ಟೈಮ್‌ಲೈನ್ ಮಾಡ್ಬೇಕು, ಇಲ್ಲಾಂದ್ರೆ ಏಟು ಕೋಳಕ್ಕಿಂತ ಮುಂಚೆನೋ ಆಮೇಲೋ ಅನ್ನೋದೇ ಗೊತ್ತಾಗಲ್ಲ.

ಮೈ ಮೇಲಿನ ಗುರುತುಗಳೂ ಮಾತಾಡ್ತವೆ. ಲಾಠಿ ಏಟಿನ ಬಾಸುಂಡೆ ಎಷ್ಟೋ ಸಲ ಎರಡು ಸಮಾನಾಂತರ ಗೆರೆ, ನಡುವೆ ಬಿಳಚಿದ ಚರ್ಮ, ಹೀಗೆ ಕಾಣುತ್ತೆ. ಮುಂಗೈ ಹೊರಬದಿಯ ಗಾಯ ಏಟು ತಡೆಯೋಕೆ ಕೈ ಅಡ್ಡ ಹಿಡಿದಿದ್ದಕ್ಕೆ ಆಗಿರಬಹುದು, ಬಿಗಿಯಾದ ಕೋಳದಿಂದ ನರಕ್ಕೆ ಪೆಟ್ಟಾದ್ರೆ ಹೆಬ್ಬೆರಳ ಕಡೆ ಕೈಯ ಹಿಂಭಾಗ ಜೋಮು ಹಿಡಿಯುತ್ತೆ. ಆದ್ರೆ ಬಣ್ಣ ನೋಡಿ ಗಾಯ ಇಂಥ ದಿನದ್ದೇ ಅಂತ ಬರೀಬೇಡಿ, ಅದು ನಂಬೋ ಅಷ್ಟು ನಿಖರ ಅಲ್ಲ. ಮತ್ತೆ ಗಾಯ ಇಲ್ಲ ಅಂದ ಮಾತ್ರಕ್ಕೆ ಬಲಪ್ರಯೋಗವೇ ಇರಲಿಲ್ಲ ಅಂತಾನೂ ಅಲ್ಲ.

ಹೇಳಿಕೆಗಳನ್ನ ಬೇರೆ ಬೇರೆಯಾಗಿ ತಗೊಳ್ಬೇಕು, ಅಧಿಕಾರಿಗಳು ಕೂತು ಮಾತಾಡ್ಕೊಂಡು ಬರೆದ್ರೆ ವಾಕ್ಯಗಳೇ ಒಂದೇ ಥರ ಬರುತ್ತೆ. "ವಿರೋಧಿಸಿದ" ಅಂತ ಬರೆದಿದ್ರೆ ಅಲ್ಲಿಗೇ ಬಿಡ್ಬೇಡಿ. ಕೈ ಎಳ್ಕೊಂಡ್ನಾ, ಒದ್ದನಾ, ಬರೀ ಬೈದ್ನಾ? ಬೈದಿದ್ದಕ್ಕೆ ಲಾಠಿ ಬೀಸೋಕೆ ಆಗಲ್ಲ. ಕೊನೆಗೆ ಸಾಕ್ಷ್ಯ ಸಾಲದೇ ಹೋದ್ರೆ ರಿಪೋರ್ಟಲ್ಲಿ "ಸಾಬೀತಾಗಿಲ್ಲ" ಅಂತ ಬರೀರಿ, "ಸುಳ್ಳು ದೂರು" ಅಂತ ಬರೀಬೇಕಾದ್ರೆ ಅದಕ್ಕೆ ಪ್ರತ್ಯೇಕ ಸಾಕ್ಷ್ಯ ಬೇಕು.