ರುದ್ರಾಕ್ಷಿ: ಒಂದು ಗೊರಟೆ ಜಪಮಣಿಯಾದ ಬಗೆ

ರುದ್ರಾಕ್ಷಿ ಬಗ್ಗೆ ಓದಲು ಶುರು ಮಾಡಿದಾಗ ನಾನು ಮೊದಲು ಹಿಡಿದದ್ದು ಮುಖಗಳ, ಅಂದರೆ ಮಣಿಯ ಮೇಲಿನ ಗೀರುಗಳ, ಪಟ್ಟಿಯನ್ನು. ಒಂದು ಮುಖಕ್ಕೆ ಇಂಥ ದೇವರು, ಎರಡು ಮುಖಕ್ಕೆ ಇಂಥ ಫಲ ಅಂತ ಬಾಯಿಪಾಠ ಮಾಡಿಕೊಂಡೆ. ಎರಡೇ ದಿನದಲ್ಲಿ ಎಲ್ಲ ಕಲಸಿಹೋಯಿತು. ಆಮೇಲೆ ಪಟ್ಟಿ ಬದಿಗಿಟ್ಟು, ಹೆಸರಿನಲ್ಲೇ ಇರುವ ‘ಅಕ್ಷ’ ಅನ್ನುವ ಪದವನ್ನು ಹಿಡಿದೆ. ಅಲ್ಲಿಂದ ಗಂಟುಗಳು ಒಂದೊಂದಾಗಿ ಬಿಚ್ಚಿಕೊಂಡವು. ಹಾಗಾಗಿ ಈ ಟಿಪ್ಪಣಿಯನ್ನೂ ಅಲ್ಲಿಂದಲೇ ಶುರು ಮಾಡುತ್ತೇನೆ.

ಅಕ್ಷ ಅಂದರೆ ಏನು?

ಮೊದಲ ಅರ್ಥ ಕಣ್ಣು. ರುದ್ರನ ಕಣ್ಣು ರುದ್ರಾಕ್ಷ. ನಮ್ಮ ಬಾಯಲ್ಲಿ ರುದ್ರಾಕ್ಷಿ. ಇದು ಎಲ್ಲರಿಗೂ ಗೊತ್ತು.

ಎರಡನೆಯ ಅರ್ಥ ಕಾಯಿ, ಬೀಜ. ಋಗ್ವೇದದ ಹತ್ತನೇ ಮಂಡಲದ 34ನೇ ಸೂಕ್ತವನ್ನು ಅಕ್ಷಸೂಕ್ತ ಅಂತ ಕರೆಯುತ್ತಾರೆ. ಅಲ್ಲಿ ಅಕ್ಷ ಅಂದರೆ ಜೂಜಿನ ದಾಳ. ಆ ಕಾಲದ ದಾಳ ಅಂದರೆ ತಾರೆಕಾಯಿ. ಆಟದಲ್ಲಿ ಎಲ್ಲವನ್ನೂ ಕಳಕೊಂಡವನೊಬ್ಬ ಅಲ್ಲಿ ಗೋಳಾಡುತ್ತಾನೆ. ಕೊನೆಗೆ ಅವನಿಗೆ ‘ದಾಳ ಆಡಬೇಡ, ಹೊಲ ಉಳು’ ಅನ್ನುವ ಬುದ್ಧಿಮಾತು ಸಿಗುತ್ತದೆ. ಇದನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕೂತೆ. ಒಂದೇ ಹೆಸರು, ಅದೇ ಬೆರಳುಗಳು. ಅಲ್ಲಿ ಆಸೆಯಿಂದ ಎಸೆಯುವ ಕಾಯಿ, ಇಲ್ಲಿ ಒಂದೊಂದಾಗಿ ಸರಿಸುವ ಮಣಿ.

ಮೂರನೆಯ ಅರ್ಥ ಅಕ್ಷರಗಳದ್ದು. ಅ ಇಂದ ಕ್ಷ ವರೆಗಿನ ಸಾಲು. ಇದಕ್ಕೆ ಮುಂದೆ ಬರುತ್ತೇನೆ, 108ರ ಲೆಕ್ಕ ಇದರಲ್ಲೇ ಅಡಗಿದೆ.

ಮಣಿಯನ್ನು ಹತ್ತಿರದಿಂದ

ಐದು ಮುಖದ ಒಂದು ಮಣಿಯನ್ನು ಅಂಗೈಯಲ್ಲಿಟ್ಟು ನೋಡಿ. ಮೈಯೆಲ್ಲ ಗಂಟುಗಂಟು. ಉಗುರಿನಿಂದ ಸವರಿದರೆ ತಡೆತಡೆದು ಹೋಗುತ್ತದೆ. ಆ ಗಂಟುಗಳ ನಡುವೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಗೀರುಗಳು ಇಳಿದಿರುತ್ತವೆ. ಈ ಗೀರುಗಳ ಎಣಿಕೆಯೇ ಮುಖಗಳ ಎಣಿಕೆ.

ನಾವು ಬೀಜ ಅನ್ನುತ್ತೇವೆ, ನಿಜಕ್ಕೂ ಇದು ಮಾವಿನ ವಾಟೆಯ ಹಾಗೆ ಹಣ್ಣಿನೊಳಗಿನ ಗೊರಟೆ. ಅಸಲು ಬೀಜ ಅದರೊಳಗೆ ಇರುತ್ತದೆ. ಹೊರಗೆ ಐದು ಗೀರು ಇದ್ದರೆ ಒಳಗೆ ಐದು ಗೂಡು. ಅಂದರೆ ಮುಖ ಅನ್ನುವುದು ಮೇಲಿನ ಗೆರೆಯಷ್ಟೇ ಆಗಿರದೆ, ಒಳಗಿನ ರಚನೆಯ ಗುರುತೂ ಹೌದು. ಮರದ ಸಸ್ಯಶಾಸ್ತ್ರೀಯ ಹೆಸರು ಎಲಿಯೊಕಾರ್ಪಸ್ ಗ್ಯಾನಿಟ್ರಸ್. ಹಿಮಾಲಯದ ತಪ್ಪಲು, ನೇಪಾಳ, ಇಂಡೋನೇಷ್ಯಾಗಳಲ್ಲಿ ಜಾಸ್ತಿ ಬೆಳೆಯುತ್ತದೆ. ನೇಪಾಳದ ಮಣಿ ಸಾಮಾನ್ಯವಾಗಿ ದಪ್ಪ, ಜಾವಾದ್ದು ಸಣ್ಣದು. ಹಣ್ಣು ಹೊಳೆಯುವ ನೀಲಿ. ವಿಚಿತ್ರ ಅಂದರೆ ಆ ನೀಲಿಗೆ ಬಣ್ಣದ ಅಂಶ ಕಾರಣ ಅಲ್ಲ. ಸಿಪ್ಪೆಯ ಸೂಕ್ಷ್ಮ ಪದರಗಳ ಮೇಲೆ ಬೆಳಕು ಆಡುವ ರೀತಿಯಿಂದ ಹಾಗೆ ಕಾಣುತ್ತದೆ. ನೀಲಕಂಠನ ನೆನಪು ಬಾರದೆ ಇರುತ್ತದಾ? ಇದು ಶಾಸ್ತ್ರದ ಮಾತಲ್ಲ, ನನಗೆ ಅನಿಸಿದ್ದು.

ಮಣಿಗೆ ನಡುವೆ ಹುಟ್ಟಿನಿಂದಲೇ ಒಂದು ದಾರಿ ಇರುವುದುಂಟು. ರುದ್ರಾಕ್ಷಜಾಬಾಲ ಉಪನಿಷತ್ತು ಇದನ್ನೂ ಬಿಟ್ಟಿಲ್ಲ: ತಾನಾಗಿ ತೂತು ಇರುವ ಮಣಿ ಉತ್ತಮ, ಮನುಷ್ಯ ಕೊರೆದದ್ದು ಮಧ್ಯಮ. ಗಾತ್ರಕ್ಕೂ ಅಳತೆ ಕೊಡುತ್ತದೆ. ನೆಲ್ಲಿಕಾಯಿಯಷ್ಟು ಇದ್ದರೆ ಶ್ರೇಷ್ಠ, ಬೋರೆಹಣ್ಣಿನಷ್ಟು ಇದ್ದರೆ ಮಧ್ಯಮ, ಕಡಲೆಯಷ್ಟು ಇದ್ದರೆ ಕೊನೆಯದು.

ಕಣ್ಣೀರಿನ ಕತೆ

ಅದೇ ಉಪನಿಷತ್ತಿನಲ್ಲಿ ಭುಸುಂಡ ಅನ್ನುವ ಋಷಿ ಕೇಳುತ್ತಾನೆ, ಶಿವನ ಉಗ್ರ ರೂಪವಾದ ಕಾಲಾಗ್ನಿರುದ್ರ ಉತ್ತರ ಕೊಡುತ್ತಾನೆ. ತ್ರಿಪುರ ಸಂಹಾರಕ್ಕಾಗಿ ನಾನು ಕಣ್ಣು ಮುಚ್ಚಿದ್ದೆ, ಆ ಕಣ್ಣುಗಳಿಂದ ಹನಿಗಳು ನೆಲಕ್ಕೆ ಬಿದ್ದವು, ಅವೇ ರುದ್ರಾಕ್ಷಿಗಳಾದವು ಅನ್ನುತ್ತಾನೆ. ಯಾಕೆ ಆದವು? ಎಲ್ಲರ ಮೇಲಿನ ಅನುಗ್ರಹಕ್ಕಾಗಿ. ಶಿವಪುರಾಣದ ವಿದ್ಯೇಶ್ವರ ಸಂಹಿತೆಯಲ್ಲಿ ಇದೇ ಕತೆಯನ್ನು ಶಿವ ಪಾರ್ವತಿಗೆ ಹೇಳುತ್ತಾನೆ. ಅಲ್ಲಿ ದೀರ್ಘ ತಪಸ್ಸಿನ ನಂತರ ಕಣ್ಣು ತೆರೆದಾಗ ಹನಿ ಬೀಳುತ್ತದೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ರುದ್ರ ಅಂದರೆ ಭಯಂಕರ. ಮೂರು ಪುರಗಳನ್ನು ಸುಡಲು ಹೊರಟವನು. ಸುಡುವ ಮೊದಲು ಅವನ ಕಣ್ಣಲ್ಲಿ ನೀರು! ಸಿಟ್ಟಿನ ಕಣ್ಣಿನಿಂದ ಬೆಂಕಿ ಬಂದ ಕತೆ ನಮಗೆ ಗೊತ್ತು, ಕಾಮ ಸುಟ್ಟುಹೋದದ್ದು ಹಾಗೆ. ಈ ಕತೆಯಲ್ಲಿ ಬಂದದ್ದು ನೀರು, ಆ ನೀರು ಬಿದ್ದಲ್ಲಿ ಮರ ಹುಟ್ಟಿತು. ರುದ್ರಾಕ್ಷಿ ಧರಿಸುವುದು ಅಂದರೆ ಆ ಕರುಣೆಯನ್ನು ಮೈಮೇಲೆ ಇಟ್ಟುಕೊಳ್ಳುವುದು ಅಂತ ನಾನು ಅರ್ಥ ಮಾಡಿಕೊಂಡಿದ್ದೇನೆ.

ಮುಖಗಳು, ಬೇಗ ಬೇಗ

ರುದ್ರಾಕ್ಷಜಾಬಾಲದ ಪ್ರಕಾರ ಎರಡು ಮುಖಕ್ಕೆ ಅರ್ಧನಾರೀಶ್ವರ, ಮೂರಕ್ಕೆ ಮೂರು ಅಗ್ನಿಗಳು, ನಾಲ್ಕಕ್ಕೆ ಬ್ರಹ್ಮ, ಆರಕ್ಕೆ ಕಾರ್ತಿಕೇಯ, ಏಳಕ್ಕೆ ಸಪ್ತಮಾತೃಕೆಯರು, ಹನ್ನೊಂದಕ್ಕೆ ಏಕಾದಶ ರುದ್ರರು. ಸಂಖ್ಯೆಯನ್ನು ನೋಡಿದರೆ ದೇವತೆ ತಾನಾಗಿ ನೆನಪಾಗುತ್ತದೆ, ಬಾಯಿಪಾಠ ಬೇಕಿಲ್ಲ. ಬೇರೆ ಗ್ರಂಥಗಳಲ್ಲಿ ಪಟ್ಟಿ ಅಲ್ಲಲ್ಲಿ ಬದಲಾಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಐದು ಮುಖದ್ದನ್ನು ಮಾತ್ರ ಸರಿಯಾಗಿ ತಿಳಿದುಕೊಳ್ಳಿ. ಅದು ಪಂಚಬ್ರಹ್ಮ ಸ್ವರೂಪ: ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ, ಈಶಾನ. ಶಿವನ ಐದು ಮುಖಗಳೂ ಇವೇ. ನ, ಮಃ, ಶಿ, ವಾ, ಯ ಅನ್ನುವ ಪಂಚಾಕ್ಷರವೂ ಐದೇ. ಮರದಲ್ಲಿ ಅತಿ ಹೆಚ್ಚು ಸಿಗುವುದೂ ಐದು ಮುಖದ ಮಣಿಯೇ. ಶಿವನ ಪೂರ್ಣ ರೂಪವೇ ಎಲ್ಲರ ಕೈಗೆಟಕುವ ಮಣಿಯಲ್ಲಿದೆ, ಅಲ್ವಾ?

108 ಯಾಕೆ?

ಇದಕ್ಕೆ ಹಲವು ವಿವರಣೆಗಳಿವೆ. ನನಗೆ ಹಿಡಿಸಿದ್ದು ಅಕ್ಷರಗಳ ಲೆಕ್ಕ. ಅಕ್ಷಮಾಲಿಕಾ ಉಪನಿಷತ್ತಿನಲ್ಲಿ ಪ್ರಜಾಪತಿ ಗುಹನನ್ನು, ಅಂದರೆ ಕಾರ್ತಿಕೇಯನನ್ನು, ಜಪಮಾಲೆಯ ಬಗ್ಗೆ ಕೇಳುತ್ತಾನೆ. ಹವಳ, ಮುತ್ತು, ಸ್ಫಟಿಕ, ಶಂಖ, ಬೆಳ್ಳಿ, ಬಂಗಾರ, ಚಂದನ, ತಾವರೆ ಬೀಜ, ರುದ್ರಾಕ್ಷಿ ಎಲ್ಲವೂ ಮಣಿಯಾಗಬಹುದು. ಮುಖ್ಯ ಮಾತು ಬೇರೆ ಇದೆ: ಅ ಇಂದ ಕ್ಷ ವರೆಗೆ ಒಂದೊಂದು ಮಣಿಯಲ್ಲಿ ಒಂದೊಂದು ಅಕ್ಷರವನ್ನು ಆವಾಹನೆ ಮಾಡಬೇಕು.

ಅಕ್ಷರ 50. ಸಾಲಾಗಿ ಹೋಗಿ ಹಾಗೇ ಹಿಂದಕ್ಕೆ ಬಂದರೆ 100. ಅದಕ್ಕೆ ಅ, ಕ, ಚ, ಟ, ತ, ಪ, ಯ, ಶ ಅನ್ನುವ 8 ವರ್ಗಗಳು ಸೇರಿದರೆ 108. ನಾವು ಆಡುವ ಪ್ರತಿ ಮಾತೂ ಈ ಅಕ್ಷರಗಳಿಂದಲೇ ಆದದ್ದು. ಹಾಗಾದರೆ ಮಾಲೆ ಒಂದು ಸುತ್ತು ಬಂದಾಗ ಮಾತಿನ ಜಗತ್ತೇ ಒಂದು ಸುತ್ತು ಬಂದಂತೆ. ಸರಸ್ವತಿ, ಬ್ರಹ್ಮ, ದಕ್ಷಿಣಾಮೂರ್ತಿ ಈ ಮೂವರ ಕೈಯಲ್ಲೂ ಅಕ್ಷಮಾಲೆ ಇರುತ್ತದೆ. ಮೂವರೂ ವಿದ್ಯೆಗೆ, ವೇದಕ್ಕೆ ಸೇರಿದವರು. ಮುಂದೆ ಮೂರ್ತಿ ನೋಡುವಾಗ ಕೈಯನ್ನು ಗಮನಿಸಿ.

ಕೈ ಕಲಿಯುವ ಪಾಠ

ಮಧ್ಯದ ಬೆರಳಿನ ಮೇಲೆ ಮಾಲೆ ಇಟ್ಟು ಹೆಬ್ಬೆರಳಿನಿಂದ ಮಣಿಯನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ರೂಢಿ. ತೋರುಬೆರಳು ತಾಗಬಾರದು. ಬೇರೆಯವರತ್ತ ತೋರಿಸುವ ಬೆರಳು ಅದು, ಅಹಂಕಾರದ ಬೆರಳು ಅನ್ನುತ್ತಾರೆ. ನನಗೆ ಇದು ಕಷ್ಟವಾಯಿತು. ಗಮನ ತಪ್ಪಿದ ಕೂಡಲೇ ತೋರುಬೆರಳು ಸುಮ್ನೆ ಬಂದು ಮಣಿಯ ಮೇಲೆ ಕೂರುತ್ತಿತ್ತು. ಮನಸ್ಸು ಎಲ್ಲೋ ಹೋಗಿದೆ ಅಂತ ಆ ಬೆರಳೇ ನನಗೆ ಹೇಳಿಕೊಟ್ಟಿತು.

ಮಾಲೆಯ ಎರಡು ತುದಿ ಸೇರುವಲ್ಲಿರುವ ಮೇರುಮಣಿಯನ್ನು ದಾಟಬಾರದು. ಅಲ್ಲಿಗೆ ಬಂದಾಗ ಮಾಲೆ ತಿರುಗಿಸಿ ಬಂದ ದಾರಿಯಲ್ಲೇ ಹಿಂದಿರುಗಬೇಕು. ಅಕ್ಷರಗಳು ಹೋಗಿ ಬಂದ ಹಾಗೆಯೇ ಇದು. ಎಷ್ಟೋ ಜನ ಮಾಲೆಯನ್ನು ಗೋಮುಖಿ ಚೀಲದೊಳಗಿಟ್ಟು, ಯಾರಿಗೂ ಕಾಣದಂತೆ ಜಪ ಮಾಡುತ್ತಾರೆ. ಜೋರಾಗಿ ಹೇಳುವುದು ವಾಚಿಕ, ತುಟಿ ಮಾತ್ರ ಅಲ್ಲಾಡುವುದು ಉಪಾಂಶು, ಮನಸ್ಸಿನಲ್ಲೇ ನಡೆಯುವುದು ಮಾನಸ. ಮನುಸ್ಮೃತಿಯ ಎರಡನೇ ಅಧ್ಯಾಯ ವಿಧಿಯಜ್ಞಕ್ಕಿಂತ (ವಿಧಿಪ್ರಕಾರ ಮಾಡುವ ಯಜ್ಞಕ್ಕಿಂತ) ಜಪ 10 ಪಾಲು, ಉಪಾಂಶು 100 ಪಾಲು, ಮಾನಸ 1000 ಪಾಲು ಹೆಚ್ಚು ಅನ್ನುತ್ತದೆ.

ಗೀತೆಯ 7ನೇ ಅಧ್ಯಾಯದ 7ನೇ ಶ್ಲೋಕವನ್ನು ಜಪಕ್ಕೆ ಕೂರುವ ಮೊದಲು ಒಮ್ಮೆ ಓದಿ. ‘ಸೂತ್ರೇ ಮಣಿಗಣಾ ಇವ’, ದಾರದಲ್ಲಿ ಮಣಿಗಳ ಹಾಗೆ ಎಲ್ಲವೂ ನನ್ನಲ್ಲಿ ಪೋಣಿಸಿದೆ ಅನ್ನುತ್ತಾನೆ ಕೃಷ್ಣ. ಮಣಿ ಕಾಣುತ್ತದೆ, ದಾರ ಕಾಣುವುದಿಲ್ಲ.

ಕಲಿಯುವವರು ಕೇಳುವ ಎರಡು ಪ್ರಶ್ನೆ

ಯಾರು ಧರಿಸಬಹುದು? ಎಲ್ಲ ವರ್ಣದವರೂ, ಎಲ್ಲ ಆಶ್ರಮದವರೂ, ಹೆಂಗಸರೂ ಧರಿಸಬಹುದು, ಇದು ಶಿವನ ಆಜ್ಞೆ ಅಂತ ಶಿವಪುರಾಣವೇ ಹೇಳುತ್ತದೆ. ವೀರಶೈವ ಲಿಂಗಾಯತರಲ್ಲಿ ಗುರು, ಲಿಂಗ, ಜಂಗಮ, ಪಾದೋದಕ, ಪ್ರಸಾದ, ವಿಭೂತಿ, ರುದ್ರಾಕ್ಷಿ, ಮಂತ್ರ ಇವು ಅಷ್ಟಾವರಣ. ಅಲ್ಲಿ ಇದು ಭಕ್ತನ ಮೈಗೆ ಕವಚ. ಗಂಡು, ಹೆಣ್ಣು ಅನ್ನುವ ಭೇದ ಇಲ್ಲ.

ಅಸಲಿಯನ್ನು ಗುರುತಿಸುವುದು ಹೇಗೆ? ನೀರಿಗೆ ಹಾಕಿ ಮುಳುಗಿದರೆ ಅಸಲಿ ಅನ್ನುವ ಪರೀಕ್ಷೆಯನ್ನು ನಂಬಬೇಡಿ. ಚೆನ್ನಾಗಿ ಒಣಗಿದ ಅಸಲಿ ಮಣಿಯೂ ತೇಲಬಹುದು, ಕೆತ್ತಿದ ನಕಲಿಯೂ ಮುಳುಗಬಹುದು. ಎಕ್ಸ್‌ರೇ ತೆಗೆದರೆ ಒಳಗಿನ ಗೂಡುಗಳನ್ನು ಎಣಿಸಬಹುದು. ಗೀರುಗಳ ಎಣಿಕೆಗೆ ಅದು ತಾಳೆಯಾಗಬೇಕು. ಮೋಸ ಜಾಸ್ತಿ ನಡೆಯುವುದು ಅಪರೂಪದ ಮುಖಗಳಲ್ಲಿ. ಇರುವ ಗೀರನ್ನು ತುಂಬಿ ಮುಚ್ಚುತ್ತಾರೆ, ಇಲ್ಲದ ಗೀರನ್ನು ಕೊರೆಯುತ್ತಾರೆ. ಐದು ಮುಖದ ಮಣಿ ಹೇರಳವಾಗಿ ಸಿಗುವುದರಿಂದ ಅದನ್ನು ನಕಲು ಮಾಡಿ ಯಾರಿಗೂ ಹೆಚ್ಚು ಲಾಭವಿಲ್ಲ. ಮೊದಲ ಮಾಲೆಗೆ ಅದನ್ನೇ ತೆಗೆದುಕೊಳ್ಳಿ. ಸೋಪು ತಾಗಿಸಬೇಡಿ. ಆಗಾಗ ಒಂದು ಹನಿ ಎಣ್ಣೆ ಸವರಿ, ಗೀರುಗಳಲ್ಲಿ ಕೂತ ಧೂಳನ್ನು ಮೆತ್ತಗಿನ ಬ್ರಷ್‌ನಿಂದ ತೆಗೆಯಿರಿ.